ಕೌದಿಯೊಳಗಿನ ಜೋಳ

ಭಾಗ್ಯಾ ಹೊಸ ಫ್ರಾಕಿನ ಅಂಚನ್ನು ಇಟ್ಟಿಗೆಯ ಚೂರಿನಿಂದ ಉಜ್ಜುತ್ತಿದ್ದಳು. ಮುನವಳ್ಳಿಯ ಆ ಹಳೆಯ ಹತ್ತಿ ಗೋದಾಮಿನಲ್ಲಿ ಬೆಳಗಿನ ಹೊತ್ತು ಅವಳೊಬ್ಬಳೇ ಇದ್ದಳು. ಇಟ್ಟಿಗೆ ಬಟ್ಟೆಯ ಮೇಲೆ ಹೋಗಿ ಬರುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎಳೆ ಸವೆಯಬೇಕು, ಹರಿಯಬಾರದು. ಎಷ್ಟು ಸವೆಯಿತೆಂಬುದು ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗಲ್ಲ. ಬೈಲಹೊಂಗಲದಿಂದ ತಂದ ಒಂದೇ ಬಟ್ಟೆಯ ತಾನಿನಲ್ಲಿ ಹೊಲಿದ ಆರು ಫ್ರಾಕುಗಳು ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಸಾಲಾಗಿ ನೇತಾಡಬೇಕಿತ್ತು, ಮೂರು ಆಗಲೇ ನೇತಾಡುತ್ತಿದ್ದವು. ಮೊದಲನೆಯದು ಇಲ್ಲಿ ತೆಗೆಯುತ್ತಿದ್ದ ಸಿನೆಮಾದ ಹುಡುಗಿ ಸೆರೆಶಿಬಿರದ ಬಾಗಿಲೊಳಗೆ ಕಾಲಿಟ್ಟ ದಿನದ್ದು. ಆರನೆಯದು ಯುದ್ಧ ಮುಗಿದು ಅವಳು ಹೊರಗೆ ಬಂದ ದಿನದ್ದು. ಹುಡುಗಿ ಬೆಳೆದಂತೆ ಕಾಣಲೆಂದು ಒಂದೊಂದನ್ನೂ ಎರಡೆರಡು ಬೆರಳು ಗಿಡ್ಡ ಮಾಡಿದ್ದರು. ಮೂರೂವರೆ ವರ್ಷದ ಸೆರೆಯನ್ನು ಭಾಗ್ಯಾ ಇಟ್ಟಿಗೆ, ಚಹಾದ ನೀರು ಮತ್ತು ಬಿಸಿಲಿನಿಂದ ಹದಿನೈದು ದಿನದಲ್ಲಿ ಮಾಡಿ ಮುಗಿಸಬೇಕಾಗಿತ್ತು. ಕಟಕೋಳದ ಮನೆಯಲ್ಲಿ ಅವ್ವ ಸಾವಂತ್ರೆವ್ವ ಜೀವಮಾನವಿಡೀ ಇದಕ್ಕೆ ಉಲ್ಟಾ ಕೆಲಸ ಮಾಡಿದವಳು. ಹರಿದ ಕಡೆ ಕಾಣದಂತೆ ಮಡಚುವುದು, ಕೊರಳಪಟ್ಟಿ ಬಿಚ್ಚಿ ಒಳಮೈ ಹೊರಗೆ ಮಾಡಿ ಹೊಲಿಯುವುದು. ಮಗಳ ಕೆಲಸ ಏನೆಂದು ಕೇಳಿದ ದಿನ ಅವ್ವ ನಕ್ಕಿರಲಿಲ್ಲ. "ಹೊಸಾದ್ನ ಹಳೇದು ಮಾಡಾಕೂ ಮಂದಿ ಬೇಕಾಗತಾರೇನ" ಎಂದಷ್ಟೇ ಅಂದು ಒಲೆ ಊದಿದ್ದಳು.

ಎಡಗಡೆಯ ಚಾಪೆ ಮೂರು ದಿನದಿಂದ ಖಾಲಿ ಇತ್ತು. ಅದನ್ನು ಯಾರೂ ಸುತ್ತಿ ಇಟ್ಟಿರಲಿಲ್ಲ. ಭಾಗ್ಯಾ ಆ ಕಡೆ ನೋಡದಂತೆ ಕೂತಿದ್ದಳು, ನೋಡದಂತೆ ಕೂತವರಿಗೆ ಅದೇ ಹೆಚ್ಚು ಕಾಣುತ್ತದೆ. ಇವತ್ತು ಹೇಳಿಯೇಬಿಡಬೇಕೆಂದು ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗಲೇ ನಿಶ್ಚಯ ಮಾಡಿಕೊಂಡಿದ್ದಳು. ನಿನ್ನೆಯೂ ಮಾಡಿಕೊಂಡಿದ್ದಳು. ನಿನ್ನೆಯ ನಿಶ್ಚಯ ಸಂಜೆಯ ಬಸ್ಸಿನಲ್ಲಿ ಅವಳ ಜೊತೆಗೇ ವಾಪಸು ಬಂದಿತ್ತು.

ಚಾಪೆ ಶಟ್ಟೆವ್ವನದು. ಕಟಕೋಳದಲ್ಲಿ ಅದೇ ಓಣಿಯವಳು, ಸಂಬಂಧದಲ್ಲಿ ಏನೂ ಅಲ್ಲ, ಎಲ್ಲರೂ ಕರೆಯುವುದು ಆಯಿ ಎಂದು. ಐವತ್ತು ವರ್ಷದಿಂದ ಕೌದಿ ಹೊಲಿಯುತ್ತಿದ್ದಾಳೆ. ಮುನವಳ್ಳಿ, ಸವದತ್ತಿ, ಸುರೇಬಾನದ ದೊಡ್ಡ ಮನೆಗಳವರು ಹಳೆಯ ಸೀರೆಗಳ ಗಂಟು ಕಟ್ಟಿಟ್ಟು ಅವಳಿಗೆ ಹೇಳಿ ಕಳಿಸುತ್ತಾರೆ. ಅವಳು ಅವರ ಕಟ್ಟೆಯ ಮೇಲೆ ಕೂತು ಹೊಲಿಯುತ್ತಾಳೆ. ಹೊಸ್ತಿಲೊಳಗೆ ಕೌದಿ ಹೋಗುತ್ತದೆ, ಅವಳು ಹೋಗುವುದಿಲ್ಲ. ಓಣಿಯಲ್ಲಿ ಬುದ್ಧವಿಹಾರ ಕಟ್ಟಿದ ಹುಡುಗರು, ಸಂದೀಪ, ಗೌತಮ, "ಆಯಿ, ಅಲ್ಲಿ ಯಾಕ ಹೊಕ್ಕಿ" ಎಂದು ಜಗಳ ತೆಗೆದರೆ, "ಅವರು ಹೊಚಗೊಂಡ ಮಲಗೂದು ನನ್ನ ಕೈನ ಅಲ್ಲೇನಪಾ, ನಾ ಒಳಗ ಹೋದಂಗ ಆತಲ್ಲ" ಎಂದು ಅವರನ್ನೇ ನಗಿಸುತ್ತಿದ್ದಳು. ಸಿನೆಮಾದವರು ಕೌದಿಯವರನ್ನು ಹುಡುಕಿಕೊಂಡು ಬಂದಾಗ ಅವಳು ಭಾಗ್ಯಾಳ ಕೈ ಹಿಡಿದುಕೊಂಡೇ ಬಂದಿದ್ದಳು. "ಈ ಹುಡುಗಿ ಮಾತಾಡಂಗಿಲ್ಲ, ಆದ್ರ ಹೊಲಿಗಿ ನನಕಿಂತ ಚೊಲೊ" ಎಂದಿದ್ದಳು. ಎರಡನೆಯದು ಸುಳ್ಳಾಗಿತ್ತು.

ಸಿನೆಮಾದೊಳಗಿನ ತಾಯಿ ಈ ಕಡೆಯವಳು. ಗಂಡನ ಜೊತೆ ಮಲಯಾದ ರಬ್ಬರು ತೋಟಕ್ಕೆ ಹೋದವಳು. ಯುದ್ಧ ಬರುತ್ತದೆ, ಗಂಡ ಸಾಯುತ್ತಾನೆ, ತಾಯಿ ಮಗಳು ತಂತಿ ಬೇಲಿಯ ಶಿಬಿರ ಸೇರುತ್ತಾರೆ, ಆಮೇಲೆ ತಾಯಿಯೂ ಇಲ್ಲ. ಉಳಿಯುವುದು ಆರು ವರ್ಷದ ಹುಡುಗಿ ಮತ್ತು ಊರಿನಿಂದ ಒಯ್ದ ಒಂದು ಕೌದಿ. ದಿನಾ ಬೆಳಿಗ್ಗೆ ಸೈನಿಕರು ಎಲ್ಲರನ್ನೂ ನಿಲ್ಲಿಸಿ ಎಣಿಸುತ್ತಾರೆ. ತಾಯಿಯಿಲ್ಲದ ಮಕ್ಕಳನ್ನು ಬೇರೆ ಕಡೆ ಒಯ್ಯುತ್ತಾರೆ, ಒಯ್ದವರು ತಿರುಗಿ ಬರುವುದಿಲ್ಲ. ಹಾಗಾಗಿ ಎಣಿಕೆಯ ಹೊತ್ತಿಗೆ ಹೆಂಗಸರು ಹುಡುಗಿಯನ್ನು ಕೌದಿಯ ಕೆಳಗೆ ಮಡಚಿಡುತ್ತಾರೆ. ಅವಳು ಉಸಿರೂ ಬಿಡದೆ ಬಿದ್ದುಕೊಂಡು ಬದುಕುತ್ತಾಳೆ. ಮಲಪ್ರಭೆಯ ಹಿನ್ನೀರು ಇಳಿದ ಬಯಲಿನಲ್ಲಿ ಬಿದಿರಿನ ಗುಡಿಸಲುಗಳು, ಕಾವಲು ಗೋಪುರ, ಬೇಲಿ ಎಲ್ಲ ಎದ್ದಿದ್ದವು. ಗೋಪುರ ಸುಳ್ಳು, ತಂತಿ ನಿಜ. ಮೊದಲ ವಾರವೇ ಎರಡು ಆಡು ಸಿಕ್ಕಿಕೊಂಡಿದ್ದವು. ಕೈದಿಗಳಾಗಿ ನಿಲ್ಲಲು ಸುತ್ತಲಿನ ಊರುಗಳಿಂದ ಹೆಂಗಸರನ್ನು ಆರಿಸುವಾಗ, ಮುನವಳ್ಳಿಯ ಬಸವಲಿಂಗ, ಸಿನೆಮಾದವರಿಗೆ ಇಲ್ಲಿ ಎಲ್ಲ ಒದಗಿಸುವವನು, "ದಪ್ಪನವರು ಹಿಂದ ಸರೀರಿ, ಉಪಾಸ ಬಿದ್ದವರ ಮಾರಿ ಬೇಕು" ಎಂದು ಕೂಗಿದ್ದ. ಹೆಂಗಸರು ನಕ್ಕಿದ್ದರು. "ಮಾರಿ ಸಾಕೇನ, ಹೊಟ್ಟಿನೂ ತೋರಸೂಣೇನ" ಎಂದು ಯಾರೋ ಅಂದಿದ್ದರು. ಭಾಗ್ಯಾ ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ. ಬಸವಲಿಂಗನ ಬೆರಳು ತನ್ನ ಕಡೆ ತಿರುಗಿದಾಗ ಆಯಿ ಅಡ್ಡ ಬಂದು, "ಇದು ಹೊಲ್ಯಾಕ ಬಂದೈತಿ, ನಿಲ್ಲಾಕಲ್ಲ" ಎಂದಿದ್ದಳು.

ಎಣಿಕೆಯ ದೃಶ್ಯವನ್ನು ಮೊದಲ ಸಲ ನೋಡಿದಾಗ ಭಾಗ್ಯಾಳಿಗೆ ತನ್ನ ಸಾಲೆ ನೆನಪಾಗಿತ್ತು. ಮಾಸ್ತರು ಹಾಜರಿ ಕರೆಯುತ್ತಿದ್ದರು. ಎಂಟನೆಯ ಇಯತ್ತೆ, ಕಿಟಕಿಯ ಪಕ್ಕದ ಮೂರನೆಯ ಸಾಲು. ತನ್ನ ಹೆಸರಿಗೆ ಇನ್ನೂ ಏಳು ಹೆಸರು ಇರುವಾಗಲೇ ಬಾಯಿ ಒಣಗುತ್ತಿತ್ತು. ಹಾಜರ್ ಎನ್ನುತ್ತಿದ್ದಳು, ಅದು ತುಟಿಯ ಆಚೆ ಹೋಗುತ್ತಿರಲಿಲ್ಲ. ಮಾಸ್ತರು ತಲೆಯೆತ್ತದೆ ಗೈರು ಎಂದು ಬರೆದು ಮುಂದೆ ಹೋಗುತ್ತಿದ್ದರು, ಅವಳು ಇದ್ದೂ ಇಲ್ಲದವಳಾಗಿ ಸಂಜೆಯ ತನಕ ಕೂತಿರುತ್ತಿದ್ದಳು. ಒಂದು ದಿನ ಅವರು, ಸಿಟ್ಟಿನಿಂದಲ್ಲ, ನಗುತ್ತಲೇ, "ನೀ ಬಂದ್ರೂ ಅಷ್ಟ, ಬರದಿದ್ರೂ ಅಷ್ಟ ನೋಡವಾ" ಎಂದರು. ಹುಡುಗಿಯರೂ ನಕ್ಕರು. ಮರುದಿನ ಅವಳು ಹೋಗಲಿಲ್ಲ. ಯಾರೂ ಕೇಳಲಿಲ್ಲ. ವಾರವಾದರೂ ಕೇಳಲಿಲ್ಲ. ಸಾಲೆ ಹಾಗೆ ಮುಗಿಯಿತು, ಬಾಗಿಲು ಹಾಕಿದ ಸದ್ದು ಕೂಡ ಆಗದೆ. ಕೌದಿಯ ಕೆಳಗಿನ ಹುಡುಗಿಯನ್ನು ಸೈನಿಕನ ಬೂಟು ದಾಟಿ ಹೋದಾಗ ನೋಡುತ್ತಿದ್ದವರೆಲ್ಲ ಉಸಿರು ಬಿಟ್ಟರು. ಭಾಗ್ಯಾ ಮಾತ್ರ ಬಿಡಲಿಲ್ಲ. ಸುಮ್ಮನಿದ್ದದ್ದಕ್ಕೆ ಬದುಕಿತು ಎಂದು ಎಲ್ಲರೂ ತಿಳಿದರಲ್ಲ, ಇನ್ನು ಆ ಮಗು ಎಷ್ಟು ವರ್ಷ ಹಾಗೆಯೇ ಇರಬೇಕು ಎಂದು ಅವಳಿಗೆ ಅನಿಸಿತ್ತು.

ಶಿಬಿರಕ್ಕೆಂದು ನಲವತ್ತು ಕೌದಿ ಹೊಲಿದರು. ಕೌದಿ ಮುಗಿಯುವಾಗ ಕೊನೆಯ ಒಂದು ಗೇಣು ತೆರೆದು ಬಿಟ್ಟು, ಅದರೊಳಗೆ ನಾಲ್ಕು ಕಾಳು ಜೋಳ ಹಾಕಿ ಬಾಯಿ ಹೊಲಿಯುವುದು ಶಟ್ಟೆವ್ವನ ಪದ್ಧತಿ, ಅವಳ ಅವ್ವನ ಪದ್ಧತಿ. ಹಸಿದ ಕೌದಿಯನ್ನು ಹೊದ್ದವರು ಹಸಿಯುತ್ತಾರೆ. ಆದರೆ ಈ ನಲವತ್ತಕ್ಕೆ ಆಯಿ ಬೇಡವೆಂದಿದ್ದಳು. "ಇವು ಸುಳ್ಳ ಕೌದಿ. ಸುಳ್ಳ ಕೌದಿಗೆ ಹೊಟ್ಟಿ ಎಲ್ಲಿಂದ ಬರಬೇಕು. ಹೊಲದ ಒಗಿ." ಭಾಗ್ಯಾ ಮೂವತ್ತೊಂಬತ್ತಕ್ಕೆ ಆ ಮಾತು ಕೇಳಿದಳು. ನಲವತ್ತನೆಯದು ಹುಡುಗಿಯದು. ಅದನ್ನು ಹೊಲಿಯುವಾಗ ಸಿನೆಮಾದ ಹುಡುಗಿಗೆ ಮೂರು ದಿನ ಗಂಜಿ ಸಿಗದ ದೃಶ್ಯ ಬೇಲಿಯ ಆಚೆ ನಡೆಯುತ್ತಿತ್ತು. ಅದು ನಟನೆ ಎಂದು ಗೊತ್ತಿತ್ತು, ಮಗು ಆಗತಾನೆ ಬಿಸ್ಕತ್ತು ತಿಂದದ್ದನ್ನು ಅವಳೇ ನೋಡಿದ್ದಳು. ಆದರೂ ಮರುದಿನ ಮನೆಯಿಂದ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬಂದಳು. ನಾಲ್ಕು ಕಾಳಲ್ಲ. ಅಂಥ ಹಸಿವಿಗೆ ನಾಲ್ಕು ಕಾಳು ಹಾಕಲು ನಾಚಿಕೆಯಾಗಿ, ಒಂದು ಹಿಡಿ ಪೂರ್ತಿ ಹಾಕಿದಳು.

ಹುಡುಗಿಯ ಪಾತ್ರ ಮಾಡುವವಳು ಐಶ್ವರ್ಯಾ, ಮುನವಳ್ಳಿಯ ಕಿರಾಣಿ ಅಂಗಡಿಯ ನಿಜಗುಣಪ್ಪನವರ ಮೊಮ್ಮಗಳು. ಏಳು ವರ್ಷದವಳು, ಕೌದಿ ಹೊದ್ದ ಮೊದಲ ದಿನವೇ ಮೂಲೆ ಹಿಡಿದು ಹಿಸುಕಿದಳು.

"ಭಾಗ್ಯಕ್ಕಾ, ಇದರಾಗ ಹರಳ ಅದಾವು."

"ಹರಳ ಅಲ್ಲ. ಜ್ವಾಳ."

"ಯಾಕ?"

"ಕೌದಿ ಹಸದಿರಬಾರದು."

"ಅದಕ ಬಾಯಿ ಎಲ್ಲೈತಿ ಮತ್ತ?"

"ಹೊಲದ ಬಿಟ್ಟೇನಿ."

ಮಗು ನಕ್ಕಿತು. ಭಾಗ್ಯಾಳೂ ನಕ್ಕಳು, ಆಮೇಲೆ ಬಾಗಿಲ ಕಡೆ ನೋಡಿ, "ಯಾರಿಗೂ ಹೇಳಬ್ಯಾಡ" ಎಂದಳು. ಆ ಮಾತನ್ನು ಎಷ್ಟು ಸಲೀಸಾಗಿ ಅಂದಿದ್ದಳು. ಬೇರೆ ಮಾತೆಲ್ಲ ಗಂಟಲಲ್ಲಿ ತಡವರಿಸುತ್ತವೆ, ಅದೊಂದು ಮಾತ್ರ ನೀರಿನಂತೆ ಬಂದಿತ್ತು.

ಸೋಮವಾರ ಬೆಳಿಗ್ಗೆ ಗೋದಾಮಿನ ಬೀಗ ತೆಗೆದಾಗ ಹುಡುಗಿಯ ಕೌದಿಯ ಮೂಲೆ ಇರಲೇ ಇಲ್ಲ. ಇಲಿಗಳು ಅಲ್ಲಿಂದ ನಡುವಿನ ತನಕ ಹರಿದು ಹಾಕಿದ್ದವು. ಕೆಳಗೆ ಬಿಳಿ ಪುಡಿ, ದಾರ, ಹಿಕ್ಕೆ. ಆ ಕೌದಿಯ ಜೊತೆ ಒಂಬತ್ತು ದಿನ ಚಿತ್ರೀಕರಣ ನಡೆದಿತ್ತು, ಅಂಥದೇ ಇನ್ನೊಂದು ಇರಲಿಲ್ಲ. ಬಟ್ಟೆಯ ಉಸ್ತುವಾರಿ ದೇವಕ್ಕನದು. ಮುನವಳ್ಳಿಯಲ್ಲಿ ಹೊಲಿಗೆಯ ತರಗತಿ ನಡೆಸುವ ಐವತ್ತರ ಹೆಂಗಸು, ಎಂದೂ ದನಿ ಎತ್ತದವಳು. ದಿಗ್ದರ್ಶಕರ ಹತ್ತಿರ ಹೋಗಿ ಬಂದವಳ ಮುಖ ಬೂದಿಯಾಗಿತ್ತು. ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿ ನೋಡಿದಳು.

"ರೊಟ್ಟಿ ಒಳಗ ತರಬ್ಯಾಡ್ರಿ ಅಂತ ಎಷ್ಟ ಸಲ ಹೇಳೇನಿ, ಶಟ್ಟೆವ್ವಾ."

"ನಾ ಹೊರಗ ಉಣ್ತೇನ್ರಿ."

"ಮತ್ತ ಇದೇನು? ಎಲ್ಲಿ ಕುಂತೀರಿ ಅಲ್ಲಿ ಚೆಲ್ತೀರಿ. ನಿಮ್ಮವರ ಚಾಳಿನ ಅಷ್ಟು."

ಮಾತು ಬಾಯಿಂದ ಬಿದ್ದ ಮೇಲೆ ದೇವಕ್ಕನಿಗೇ ಅದು ಕೇಳಿಸಿತೇನೋ, ಕಿವಿ ಕೆಂಪಾದವು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ. ಟ್ರಂಕಿನ ಮೇಲೆ ಜಡೆ ಹಾಕಿಸಿಕೊಳ್ಳುತ್ತ ಕೂತಿದ್ದ ಐಶ್ವರ್ಯಾಳ ಕಡೆ ತಿರುಗಿ, "ಆಯಿ ಇಲ್ಲೇ ರೊಟ್ಟಿ ತಿಂತಿದ್ಲಲ್ಲವಾ, ನೀ ನೋಡೀಯಲ್ಲ?" ಎಂದಳು. ಮಗುವಿನ ಜಡೆ ಭಾಗ್ಯಾಳ ಕೈಯಲ್ಲಿತ್ತು. ಮಗು ಕತ್ತು ತಿರುಗಿಸಿ ಅವಳನ್ನು ನೋಡಿತು. ಆಮೇಲೆ ಗದ್ದ ಇಳಿಸಿತು, ತುಟಿ ಒಳಗೆ ಎಳೆದುಕೊಂಡಿತು, ಕಣ್ಣನ್ನು ಎಲ್ಲಿಯೂ ಇಡದಂತೆ ನಿಲ್ಲಿಸಿತು. ಭಾಗ್ಯಾಳಿಗೆ ಆ ಮುಖ ಗೊತ್ತಿತ್ತು. ಬಯಲಿನಲ್ಲಿ ಹದಿನೈದು ಸಲ ಮಾಡಿಸಿ ಮಾಡಿಸಿ ದಿಗ್ದರ್ಶಕರು ಆ ಮಗುವಿಗೆ ಕಲಿಸಿದ ಮುಖ, ಕೌದಿಯ ಕೆಳಗೆ ಸೈನಿಕನ ಬೂಟು ನೋಡುವಾಗಿನ ಮುಖ. ಆಗ ಭಾಗ್ಯಾ ಮಾತಾಡಬಹುದಿತ್ತು. ಜಡೆಯ ಮೂರು ಎಳೆ ಬೆರಳ ಸಂದಿಯಲ್ಲಿದ್ದವು, ಒಂದರ ಮೇಲೊಂದು ಹಾಕಿ ತುದಿಯ ತನಕ ಹೆಣೆದಳು, ರಿಬ್ಬನ್ನು ಕಟ್ಟಿದಳು. ಶಟ್ಟೆವ್ವ ಸೂಜಿಯನ್ನು ಕುಪ್ಪಸಕ್ಕೆ ಚುಚ್ಚಿಕೊಂಡು ಎದ್ದು, "ಬರತೇನ್ರೆವಾ" ಎಂದು ಎಲ್ಲರಿಗೂ ಸೇರಿಸಿ ಅಂದು, ಬಿಸಿಲಿಗೆ ಹೋದಳು.

ಆ ಸಂಜೆ ಓಣಿಯಲ್ಲಿ ಭಾಗ್ಯಾ ಆಯಿಯ ಬಾಗಿಲಲ್ಲಿ ನಿಂತಾಗ ಆಯಿ ಕರೆಯಲಿಲ್ಲ, ಬಯ್ಯಲೂ ಇಲ್ಲ. "ಕಾಳ ಹಾಕಿದಾಕಿ ನೀನ ಅಂತ ನನಗ ತಿಳೀಲಿಲ್ಲಂತ ಮಾಡೀಯೇನ" ಎಂದಳು. "ಒಂದ ಹಿಡಿ ಹಾಕಬೇಕೇನ ಹುಚ್ಚಿ. ಸುಮ್ಕಿರು. ನೀ ಮತ್ತ ಮನಿ ಸೇರಿದ್ರ ನಿಮ್ಮವ್ವ ಯಾವನಿಗರ ಕಟ್ಟಿ ಕಳಸ್ತಾಳ. ನಂದೇನೈತಿ, ಮುದಕಿ." ಆದರೆ ನಿನ್ನೆ ಸವದತ್ತಿಯ ಮನೆಯೊಂದರಿಂದ ಸುದ್ದಿ ಬಂದಿತ್ತು. ಮೊಮ್ಮಗನ ಕೌದಿಗೆಂದು ಎತ್ತಿಟ್ಟಿದ್ದ ಸೀರೆಯ ಗಂಟನ್ನು ಬೇರೆಯವರಿಗೆ ಕೊಟ್ಟಿದ್ದರು. ಶಟ್ಟೆವ್ವ ಕೂತಲ್ಲಿ ಇಲಿ ಬರುತ್ತವಂತೆ. ಅದನ್ನು ರಾತ್ರಿ ಮತ್ತೆ ಹೋಗಿದ್ದ ಭಾಗ್ಯಾಳಿಗೆ ಹೇಳಿ ಆಯಿ ನಕ್ಕಳು. ನಗುವಾಗ ಅವಳ ಹೆಬ್ಬೆರಳು ತೋರುಬೆರಳನ್ನು ತಿಕ್ಕುತ್ತಿತ್ತು, ಇಲ್ಲದ ಸೂಜಿಯನ್ನು ಹಿಡಿದಂತೆ. ಐವತ್ತು ವರ್ಷ ಹೊಸ್ತಿಲೊಳಗೆ ಹೋಗುತ್ತಿದ್ದ ಅವಳ ಕೈಯೂ ಇನ್ನು ಹೊರಗೇ ಉಳಿಯುತ್ತದೆ. ಭಾಗ್ಯಾ ಅಲ್ಲಿಂದ ಎದ್ದು ಬರುವಾಗ ಚಪ್ಪಲಿ ಮರೆತು ಬಂದಿದ್ದಳು.

ಇಟ್ಟಿಗೆ ನಿಂತಿತ್ತು. ದೇವಕ್ಕ ಒಳಗೆ ಬಂದು ಹಗ್ಗದ ಕಡೆ ನೋಡಿದಳು. "ನಾಕನೇದು ಆತೇನ?"

"ದೇವಕ್ಕಾರ."

ಇಷ್ಟು ದಿನದಲ್ಲಿ ಭಾಗ್ಯಾ ತಾನಾಗಿ ಅವಳನ್ನು ಕರೆದದ್ದು ಇದೇ ಮೊದಲು. ದೇವಕ್ಕ ನಿಂತಳು.

"ಕೌದ್ಯಾಗ ಜ್ವಾಳ ಇತ್ತರಿ. ಹಾಕಿದಾಕಿ ನಾನು."

ದೇವಕ್ಕ ಬಾಗಿಲು ಮುಂದೆ ಮಾಡಿ ಬಂದು ಶಟ್ಟೆವ್ವನ ಚಾಪೆಯ ಅಂಚಿನಲ್ಲಿ ಕೂತಳು, ಕೂತ ಮೇಲೆ ಅದು ಯಾರ ಚಾಪೆಯೆಂದು ನೆನಪಾಗಿ ಸ್ವಲ್ಪ ಸರಿದಳು. "ಯಾರ ಮುಂದರ ಹೇಳೀಯೇನ?"

"ಯಾರ ಮುಂದೂ ಇಲ್ಲರಿ."

"ಹೇಳಬ್ಯಾಡ. ನನಗೂ ಸಂಕಟ ಆಗೇತಿ ಭಾಗ್ಯಾ, ಮೂರ ದಿನ ಆತು ಊಟ ಸೇರವಲ್ದು. ಅವರಿಗೆ ಒಂದು ಹೆಸರು ಬೇಕಾಗಿತ್ತು, ಕೊಟ್ಟೆ. ಈಗ ನೀ ಹೋಗಿ ಹೇಳಿದ್ರ ನಿನ್ನೂ ಕಳಸ್ತಾರ, ನನ್ನ ಕಣ್ಣ ಮುಂದ ಕಾಳ ಹೋದ್ರೂ ನಾ ನೋಡಲಿಲ್ಲ ಅಂತ ನನ್ನೂ ಕಳಸ್ತಾರ. ಮುಗದದ್ದನ್ನ ಕೆದರಬಾರದು."

ಅವಳು ಕೆಟ್ಟವಳಲ್ಲ ಎನ್ನುವುದೇ ಕಷ್ಟವಾಗಿತ್ತು. ಭಾಗ್ಯಾ ತಲೆ ತಗ್ಗಿಸಿದಳು, ಅಭ್ಯಾಸದಿಂದ. ದೇವಕ್ಕ ಅದನ್ನು ಒಪ್ಪಿಗೆ ಎಂದು ತಿಳಿದು ಎದ್ದು, ಅವಳ ತಲೆ ಮುಟ್ಟಿ ಹೋದಳು. ಎಷ್ಟು ಜನ ತನ್ನ ತಗ್ಗಿದ ತಲೆಯನ್ನು ಒಪ್ಪಿಗೆ ಎಂದು ತಿಳಿದಿದ್ದಾರೆ. ಆ ಬೆಳಿಗ್ಗೆ ಮೊದಲ ಸಲ ಅವಳಿಗೆ ಸಿಟ್ಟು ಬಂತು, ದೇವಕ್ಕನ ಮೇಲಲ್ಲ, ತನ್ನ ಕತ್ತಿನ ಮೇಲೆ.

ಐಶ್ವರ್ಯಾ ಓಡಿ ಬಂದು ಕೈ ಮೇಲೆತ್ತಿ ನಿಂತಳು, ಫ್ರಾಕು ತೊಡಿಸಲೆಂದು. ಮೂರನೆಯ ಫ್ರಾಕು. ಬಟ್ಟೆ ತಲೆಯಿಂದ ಇಳಿಯುವಾಗ ಒಳಗಿನಿಂದಲೇ ಪಿಸುಗುಟ್ಟಿದಳು. "ನಾ ಹೇಳಿಲ್ಲ ಭಾಗ್ಯಕ್ಕಾ. ನಮ್ಮವ್ವ ಕೇಳಿದ್ಲು, ಮುತ್ಯಾನೂ ಕೇಳಿದ. ಉಸಿರ ಹಿಡದ ಕುಂತೆ." ತಲೆ ಹೊರಗೆ ಬಂದಾಗ ಮುಖದಲ್ಲಿ ಹೆಮ್ಮೆ ಇತ್ತು. "ಸರ್ ಹೇಳ್ಯಾರ, ನನ್ನಂಗ ಸುಮ್ಕ ಇರಾಕ ದೊಡ್ಡವರಿಗೂ ಬರಂಗಿಲ್ಲಂತ."

ಭಾಗ್ಯಾ ಗುಂಡಿ ಹಾಕಿದಳು. ಮೊದಲನೆಯದು, ಎರಡನೆಯದು. ಮೂರನೆಯದನ್ನು ಅವಳೇ ಕಿತ್ತಿದ್ದಳು. "ಸಿನೆಮಾದಾಗ ಸುಮ್ಕಿರವಾ," ಎಂದಳು. "ಇಲ್ಲೆ ಇರಬ್ಯಾಡ." ಮಗುವಿಗೆ ಅರ್ಥವಾಗಲಿಲ್ಲ. ಅವಳು ಅದರ ಕೈ ಹಿಡಿದುಕೊಂಡು ಹೊರಟಳು. ಕರೆದುಕೊಂಡು ಹೋಗುವುದು ಅವಳ ಕೆಲಸವಲ್ಲ.

ಗೋದಾಮಿನಿಂದ ಬಯಲಿಗೆ ಇನ್ನೂರು ಹೆಜ್ಜೆ. ಮಗು ಎಣಿಸುತ್ತಿತ್ತು, ಎಪ್ಪತ್ತರ ಹತ್ತಿರ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿತು. ನೆಲ ಬಿರಿದು ಹಪ್ಪಳದಂತೆ ಎದ್ದಿತ್ತು. ಬೇಲಿಯ ಬಾಗಿಲಲ್ಲಿ ಸೈನಿಕನ ವೇಷದ ಹುಡುಗ ಬಂದೂಕನ್ನು ಕಂಕುಳಲ್ಲಿ ಅವುಚಿ ಚಹಾ ಊದಿಕೊಳ್ಳುತ್ತಿದ್ದ, ಅವರಿಗೆ ದಾರಿ ಬಿಟ್ಟ. ಒಳಗೆ ಕೈದಿಗಳಾದ ಹೆಂಗಸರು ಎಣಿಕೆಯ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರಲ್ಲಿ ಕಟಕೋಳದ ಸುಂದರವ್ವ ಇದ್ದಳು, ಸವದತ್ತಿಯ ಕಡೆಯವರಿದ್ದರು, ಇಲಿಯ ಸುದ್ದಿ ಹೊತ್ತವರೂ ಅವರೇ. ಇವರ ಮುಂದೆಯೇ ಹೇಳಬೇಕು. ಕೋಣೆಯಲ್ಲಿ ಹೇಳಿದ್ದು ಕೋಣೆಯಲ್ಲೇ ಉಳಿಯುತ್ತದೆಂದು ಆಗಲೇ ನೋಡಿಯಾಗಿತ್ತು. ದಿಗ್ದರ್ಶಕರು ದೊಡ್ಡ ಕೊಡೆಯ ಕೆಳಗೆ ಕೂತಿದ್ದರು, ಬೆಂಗಳೂರಿನವರು, ಬಿಳಿ ಗಡ್ಡ, ಮೆಲುದನಿ. ಭಾಗ್ಯಾ ಹಾಜರಿಯ ಹೊತ್ತಿನಂತೆ ಎಣಿಸತೊಡಗಿದಳು. ಇನ್ನು ಏಳು ಹೆಸರು ಎಂದುಕೊಂಡಳು, ಇನ್ನು ಆರು, ಐದು. ಬಸವಲಿಂಗ ಅಡ್ಡ ಬಂದ.

"ಏ, ಮಗೂನ ಬಿಟ್ಟ ಹೋಗವಾ, ಶಾಟ್ ಐತಿ."

"ಸರ್," ಎಂದಳು ಅವಳು, ಅವನ ಹೆಗಲ ಮೇಲಿಂದ. ದನಿ ತಾನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು, ಬೇರೆ ಯಾರದೋ ಎಂಬಂತೆ. ಸಾಲಿನಲ್ಲಿ ಕೂತವರ ಬಾಯಿ ಅಗಿಯುವುದನ್ನು ನಿಲ್ಲಿಸಿತು. "ಕೌದ್ಯಾಗ ಜ್ವಾಳ ಹಾಕಿ ಹೊಲದಾಕಿ ನಾ ರಿ. ಇಲಿ ಬಂದದ್ದು ಅದಕ್ಕ. ಶಟ್ಟೆವ್ವಾಯಿ ಏನೂ ಚೆಲ್ಲಿಲ್ಲ. ಆಕಿ ಹಾಕಬ್ಯಾಡ ಅಂದಿದ್ಲು, ನಾ ಹಾಕಿದೆ."

ಬಸವಲಿಂಗ ಅವಳ ರಟ್ಟೆ ಹಿಡಿಯಲು ಹೋದ. ದಿಗ್ದರ್ಶಕರು ಬೇಡವೆಂದು ಕೈ ಮಾಡಿದರು. "ಜೋಳಾನಾ? ಕೌದಿ ಒಳಗಾ? ಯಾಕಮ್ಮ?"

"ಕೌದಿ ಹಸದಿರಬಾರದ್ರಿ. ಹೊಚಗೊಂಡವರು ಹಸೀತಾರ."

ಅವರು ಎದ್ದು ನಿಂತರು. ಬಯ್ಯುತ್ತಾರೆಂದು ಭಾಗ್ಯಾ ಕತ್ತನ್ನು ಗಟ್ಟಿಯಾಗಿ ಹಿಡಿದಳು, ತಗ್ಗದಂತೆ. ಆದರೆ ಅವರು ಅವಳನ್ನು ನೋಡುತ್ತಿರಲಿಲ್ಲ, ಅವಳ ಪಕ್ಕದ ಮಗುವನ್ನು ನೋಡುತ್ತಿದ್ದರು. "ತಾಯಿ ಊರಲ್ಲೇ ಹೊಲಿದಿಟ್ಟಿದ್ದು," ಎಂದರು ಮೆಲ್ಲಗೆ. "ಮಗೂಗೆ ಗೊತ್ತಿಲ್ಲ. ಮೂರು ದಿನ ಗಂಜಿ ಇಲ್ಲ. ಕೌದಿ ಕೆಳಗೆ ಮಲಗಿದಾಗ ಕೈಗೆ ಸಿಗುತ್ತೆ. ಒಂದೊಂದೇ ಕಾಳು." ಕ್ಯಾಮೆರಾದವನು ಹತ್ತಿರ ಬಂದ. ಇನ್ನಿಬ್ಬರು ಬಂದರು. ಹೊಲಿಗೆಯನ್ನು ಹಲ್ಲಿನಿಂದ ಬಿಚ್ಚಬೇಕೋ ಉಗುರಿನಿಂದಲೋ ಎಂದು ಮಾತು ಶುರುವಾಯಿತು. ಯಾರೋ ಐಶ್ವರ್ಯಾಳ ಬೆರಳು ಹಿಡಿದು ನೋಡಿದರು. ಹಸಿ ಜೋಳ ಅಗಿಯಲು ಬರುತ್ತದೋ ಎಂದು ಕೇಳಿದರು, ಮಗು ಬರುತ್ತದೆ ಎಂದಿತು. ಇನ್ನೊಂದು ಕೌದಿ ಸಂಜೆಯೊಳಗೆ ಆಗುತ್ತದೋ ಎಂದು ದಿಗ್ದರ್ಶಕರು ಗಾಳಿಗೆ ಕೇಳಿದರು, ಬಸವಲಿಂಗ "ಆಗತೈತ್ರಿ ಸರ್" ಎಂದು, ಭಾಗ್ಯಾಳ ಕಡೆ ಬಾಗಿ, "ಬಚಾವಾದಿ ನೋಡು, ಖುಷಿ ಆಗ್ಯಾರ" ಎಂದ. ಅವನ ಬಾಯಲ್ಲಿ ಏಲಕ್ಕಿಯ ವಾಸನೆ ಇತ್ತು.

ಬಚಾವಾದದ್ದು ಅವಳಿಗೆ ಗೊತ್ತಾಯಿತು. ಯಾರೂ ಬಯ್ದಿರಲಿಲ್ಲ, ಯಾರೂ ಕಳಿಸಿರಲಿಲ್ಲ. ಅವಳು 'ಶಟ್ಟೆವ್ವ' ಎಂದದ್ದು ಮಾತ್ರ ಯಾರ ಕಿವಿಗೂ ಬಿದ್ದಿರಲಿಲ್ಲ, ಜೋಳ ಎಂಬುದೊಂದು ಬಿದ್ದಿತ್ತು. ಇಷ್ಟಕ್ಕೇ ತಿರುಗಿ ಹೋದರೆ ಸಂಜೆಯೊಳಗೆ ಅವಳೇ ಆ ಕೌದಿ ಹೊಲಿದು ಮುಗಿಸುತ್ತಾಳೆ, ಆಯಿಯ ಕಾಳು ಸಿನೆಮಾದಲ್ಲಿ ಎಲ್ಲರಿಗೂ ಕಾಣುತ್ತದೆ, ಆಯಿ ಮಾತ್ರ ಇಲಿ ತಂದವಳಾಗಿ ಉಳಿಯುತ್ತಾಳೆ. ಸುಂದರವ್ವ ಸಾಲಿನಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಕ್ಯಾಮೆರಾವನ್ನು ಇತ್ತ ತಿರುಗಿಸಿದರು. "ಬಾಜೂಕ ಸರಿಯವಾ, ನೆರಳು ಬೀಳತೈತಿ" ಎಂದು ಯಾರೋ ಅಂದರು. ಭಾಗ್ಯಾ ಸರಿಯಲಿಲ್ಲ.

"ಅದು ಆಕಿ ಪದ್ಧತಿ ರಿ," ಎಂದಳು. "ಶಟ್ಟೆವ್ವಾಯಿನ್ನ ತಿರುಗಿ ಕರಸ್ರಿ. ಆಕಿ ತಪ್ಪಿಲ್ಲಂತ ಇವರೆಲ್ಲರ ಮುಂದ ಹೇಳ್ರಿ."

ಅವರು ಬಿಸಿಲನ್ನು ನೋಡುತ್ತಿದ್ದರು, ಮಗುವಿನ ಕೈಯನ್ನು ನೋಡುತ್ತಿದ್ದರು. ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದು, ಸಾಲಿನ ಕೊನೆಯವರಿಗೂ ಕೇಳುವ ಹಾಗೆ, ಮತ್ತೆ ಹೇಳಿದಳು.

"ಸರ್, ಶಟ್ಟೆವ್ವನ್ನ ತಿರುಗಿ ಕರಸ್ರಿ."